ಕಪಾಟಿನಲ್ಲಿ ಮರೆತ 'ದ ಗುಡ್ ಅರ್ತ್': ಮಾರುವ ಮುನ್ನ ಇನ್ನೊಮ್ಮೆ ಕೇಳಬೇಕೇ?

ಪ್ರಶ್ನೆ: ಅಮೆರಿಕದ ರಾಕ್ ತಂಡ ದ ಫೀಲೀಸ್‌ನ 'ಕ್ರೇಜಿ ರಿದಮ್ಸ್' ನನಗೆ ತುಂಬಾ ಇಷ್ಟ. ಅದೇ ಹುರುಪಿನಲ್ಲಿ ವರ್ಷಗಳ ಹಿಂದೆ ಅವರ ಎರಡನೇ ಆಲ್ಬಮ್ 'ದ ಗುಡ್ ಅರ್ತ್' ಎಲ್‌ಪಿಯನ್ನೂ ಕೊಂಡೆ. ಒಂದೆರಡು ಸಲ ಕೇಳಿದೆ. ಎಲ್ಲ ಹಾಡೂ ಒಂದೇ ತರಹ ಅನ್ನಿಸಿತು. ಹಾಡುವವರ ಮಾತೂ ಸರಿಯಾಗಿ ಕೇಳಿಸಲಿಲ್ಲ. ಎತ್ತಿಟ್ಟವನು ಮತ್ತೆ ಮುಟ್ಟಲಿಲ್ಲ. ಈಗ ಕಪಾಟು ತುಂಬಿದೆ, ಕೆಲವನ್ನು ಮಾರೋಣ ಅಂತಿದ್ದೇನೆ. ಆದರೆ ಈ ಆಲ್ಬಮ್ಮನ್ನು ಹೊಗಳುವವರು ಬಹಳ ಜನ ಇದ್ದಾರೆ. ನನಗೇನಾದರೂ ತಪ್ಪಿಹೋಯಿತಾ? ಇನ್ನೊಮ್ಮೆ ಕೇಳುವುದಾದರೆ ಹೇಗೆ ಕೇಳಬೇಕು? ಮಾತು ಮಸುಕಾಗಿ ಕೇಳಿಸೋದು ನನ್ನ ಪ್ಲೇಯರಿನ ದೋಷ ಇರಬಹುದಾ? 2009ರ ಮರುಬಿಡುಗಡೆ ಕೊಂಡರೆ ಸರಿಹೋಗುತ್ತಾ?

ಉತ್ತರ: ಈಗಲೇ ಮಾರಬೇಡಿ. ಹಾಗಂತ ಕಪಾಟಿನಲ್ಲಿ ನಿಧಿ ಅಡಗಿದೆ ಅಂತ ಆಸೆ ಹುಟ್ಟಿಸುವ ಉದ್ದೇಶವೂ ನನಗಿಲ್ಲ. 'ಯಾರೂ ಗಮನಿಸದ ಮಹಾನ್ ಆಲ್ಬಮ್' ಅನ್ನೋ ಮಾತನ್ನು ರೆಕಾರ್ಡ್ ಕೂಡಿಸುವವರು ತೀರಾ ಸಲೀಸಾಗಿ ಆಡುತ್ತಾರೆ. ಗಮನ ಸಿಗದ ಆಲ್ಬಮ್‌ಗಳಲ್ಲಿ ಹೆಚ್ಚಿನವುಗಳಿಗೆ ಸಿಕ್ಕಿದ್ದೇ ಜಾಸ್ತಿ. 'ದ ಗುಡ್ ಅರ್ತ್' ಆ ಸಾಲಿನದಲ್ಲ. ಅದರ ತೊಂದರೆ ಬೇರೆ. ನೀವು ಅದರಲ್ಲಿ ಹಾಡುವವನನ್ನು ಹುಡುಕಿದಿರಿ. ಆ ಆಲ್ಬಮ್ ತನ್ನ ತೂಕವನ್ನೆಲ್ಲ ಇಟ್ಟಿರೋದು ಗಿಟಾರ್ ಬಾರಿಸುವ ಬಲಗೈಯಲ್ಲಿ.

ಇದು ಹೇಗೆ ಹೀಗಾಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ದ ಫೀಲೀಸ್ 1976ರಲ್ಲಿ ನ್ಯೂಜೆರ್ಸಿಯ ಹೇಲ್ಡನ್ ಅನ್ನೋ ಸಣ್ಣ ಊರಿನಲ್ಲಿ ಶುರುವಾದ ತಂಡ. ಗ್ಲೆನ್ ಮರ್ಸರ್ ಮತ್ತು ಬಿಲ್ ಮಿಲಿಯನ್ ಅನ್ನೋ ಇಬ್ಬರು ಗಿಟಾರ್ ವಾದಕರೇ ಇದರ ಬೆನ್ನೆಲುಬು. 'ಕ್ರೇಜಿ ರಿದಮ್ಸ್' 1980ರಲ್ಲಿ ಬ್ರಿಟನ್ನಿನ ಸ್ಟಿಫ್ ರೆಕಾರ್ಡ್ಸ್ ಮೂಲಕ ಬಂತು. ಡ್ರಮ್ಸ್‌ಗೆ ಆಂಟನ್ ಫಿಯರ್, ಬೇಸ್‌ಗೆ ಕೀತ್ ಕ್ಲೇಟನ್. ಆ ಆಲ್ಬಮ್ಮಿನ ನಡುಕ, ಅವಸರ, ಎಳೆದು ಕಟ್ಟಿದಂಥ ಬಿಗಿತ ನಿಮಗೆ ಗೊತ್ತೇ ಇದೆ. ಬೆಂಕಿಪೆಟ್ಟಿಗೆ ಅಲ್ಲಾಡಿಸಿದಂಥ ಸಣ್ಣ ಸದ್ದಿನಿಂದ ಶುರುವಾಗಿ ಓಟಕ್ಕೆ ಬೀಳುವ ಹಾಡುಗಳು ಅವು. ಮುಖಪುಟದ ನೀಲಿ ಹಿನ್ನೆಲೆಯಲ್ಲಿ ನಾಲ್ಕು ಜನ ಸುಮ್ನೆ ನಿಂತಿದ್ದಾರೆ. 1994ರಲ್ಲಿ ವೀಜರ್ ತಂಡದ ಮೊದಲ ಆಲ್ಬಮ್ ಬಂದಾಗ ಆ ಮುಖಪುಟ ನೋಡಿದವರಿಗೆ ಫೀಲೀಸ್ ನೆನಪಾಗದೆ ಇರಲಿಲ್ಲ.

ಆಮೇಲೆ ಆರು ವರ್ಷ ಫೀಲೀಸ್ ಹೆಸರಿನಲ್ಲಿ ಹೊಸ ಆಲ್ಬಮ್ ಬರಲೇ ಇಲ್ಲ. ಫಿಯರ್ ಹೊರಟುಹೋಗಿ ಗೋಲ್ಡನ್ ಪಾಲೊಮಿನೋಸ್ ಕಟ್ಟಿದ. ಕ್ಲೇಟನ್ನೂ ಉಳಿಯಲಿಲ್ಲ. ಮರ್ಸರ್ ಮತ್ತು ಮಿಲಿಯನ್ ಇಬ್ಬರೂ 1982ರ 'ಸ್ಮಿದರೀನ್ಸ್' ಸಿನಿಮಾಕ್ಕೆ ಸಂಗೀತ ಮಾಡಿದರು. ಮಿಕ್ಕ ಸಮಯದಲ್ಲಿ ಟ್ರೈಪ್ಸ್‌ನಂಥ ಗೆಳೆಯರ ತಂಡಗಳಲ್ಲಿ ಒಬ್ಬರ ಹಿಂದೆ ಒಬ್ಬರು ನುಡಿಸುತ್ತಿದ್ದರು. ಈ ಟ್ರೈಪ್ಸ್ ಕಾಲವೇ ಮುಖ್ಯ. ಅದು ಮೆತ್ತಗಿನ, ಮಂಪರಿನಂಥ ಸಂಗೀತ. ಯಾರೂ ಮುಂದೆ ಬಂದು ನಿಲ್ಲದೆ ಎಲ್ಲರೂ ಒಟ್ಟಾಗಿ ಒಂದೇ ಸಮನೆ ನುಡಿಸುವ ಅಭ್ಯಾಸ ಅಲ್ಲಿ ಗಟ್ಟಿಯಾಯಿತು. ಬೇಸ್ ನುಡಿಸುವ ಬ್ರೆಂಡಾ ಸಾಟರ್, ಡ್ರಮ್ಸ್‌ನ ಸ್ಟ್ಯಾನ್ ಡೆಮೆಸ್ಕಿ ಇಬ್ಬರೂ ಅಲ್ಲಿಂದಲೇ ಬಂದವರು. ಜೊತೆಗೆ ಹಳೆಯ ಬಳಗದ ಡೇವ್ ವೆಕರ್‌ಮನ್, ಬಿಡಿ ತಾಳವಾದ್ಯಗಳಿಗೆ. ಹೀಗೆ ಐದು ಜನರ ಹೊಸ ಫೀಲೀಸ್ ಆಯಿತು. ಹೆಸರು ಹಳೆಯದು, ತಂಡ ಹೆಚ್ಚುಕಮ್ಮಿ ಬೇರೆಯದೇ.

1986ರಲ್ಲಿ 'ದ ಗುಡ್ ಅರ್ತ್' ಬಂದಾಗ ಅದರ ಮೇಲೆ ಕೊಯೋಟಿ ರೆಕಾರ್ಡ್ಸ್‌ನ ಗುರುತಿತ್ತು. ಹೊಬೋಕನ್‌ನಲ್ಲಿ ಮ್ಯಾಕ್ಸ್‌ವೆಲ್ಸ್ ಅನ್ನೋ ಸಂಗೀತದ ಕ್ಲಬ್ ನಡೆಸುತ್ತಿದ್ದ ಸ್ಟೀವ್ ಫ್ಯಾಲನ್ ಅವರದೇ ಲೇಬಲ್, ಅಂದರೆ ರೆಕಾರ್ಡ್ ಕಂಪನಿ ಅದು. ಯೊ ಲಾ ಟೆಂಗೊ ತಂಡದ ಮೊದಲ ಆಲ್ಬಮ್ಮೂ ಅದೇ ವರ್ಷ ಅದೇ ಲೇಬಲ್ಲಿನಿಂದ ಬಂತು. ನಿರ್ಮಾಣದಲ್ಲಿ ಮರ್ಸರ್, ಮಿಲಿಯನ್ ಜೊತೆ ಆರ್‌ಇಎಂ ತಂಡದ ಗಿಟಾರ್ ವಾದಕ ಪೀಟರ್ ಬಕ್ ಕೈಜೋಡಿಸಿದರು. ಬಕ್ 'ಕ್ರೇಜಿ ರಿದಮ್ಸ್'ನ ಅಭಿಮಾನಿ. ಆರ್‌ಇಎಂ ಅಷ್ಟರಲ್ಲಿ ದೊಡ್ಡ ಹೆಸರು ಮಾಡಿತ್ತು. ಈ ಆಲ್ಬಮ್ಮಿನ ಸುತ್ತ ಒಂದು ತಪ್ಪು ಕಲ್ಪನೆ ಹುಟ್ಟಿದ್ದೇ ಇಲ್ಲಿಂದ ಅಂತ ನನ್ನ ಅನಿಸಿಕೆ. ಮಸುಕು ದನಿ, ಟಿಣಿಟಿಣಿ ಗಿಟಾರ್, ನಿರ್ಮಾಪಕರ ಪಟ್ಟಿಯಲ್ಲಿ ಬಕ್ ಹೆಸರು. ಇದನ್ನೆಲ್ಲ ನೋಡಿದವರು 'ಓ, ಇದು ಆರ್‌ಇಎಂ ತರಹದ್ದು' ಅಂದುಬಿಟ್ಟರು. ನಿಜದಲ್ಲಿ ಪ್ರಭಾವ ಹರಿದದ್ದು ಹೆಚ್ಚಾಗಿ ಇನ್ನೊಂದು ದಿಕ್ಕಿಗೆ. ಫೀಲೀಸ್‌ನಿಂದ ಕಲಿತವರು ಆರ್‌ಇಎಂ. ಕೇಳುವಾಗ ಬಕ್‌ನ ಕೈಗುರುತನ್ನು ಹುಡುಕಿದರೆ ಬಹಳ ಸಿಗುವುದಿಲ್ಲ. ಒಬ್ಬ ಅಭಿಮಾನಿ ತನ್ನ ಮೆಚ್ಚಿನ ತಂಡವನ್ನು ಅದರ ಪಾಡಿಗೆ ಬಿಟ್ಟಿದ್ದಾನೆ ಅನ್ನಿಸುತ್ತದೆ. ಅದಕ್ಕೂ ಒಂದು ತಿಳಿವಳಿಕೆ ಬೇಕು.

ಹಾಗಾಗಿ ಈ ಆಲ್ಬಮ್ ಎರಡು ಕಡೆಯಿಂದಲೂ ಪೆಟ್ಟು ತಿಂದಿತು. ಹಿಂದೆ 'ಕ್ರೇಜಿ ರಿದಮ್ಸ್' ಇತ್ತು, ಅದರ ಜೊತೆ ಹೋಲಿಸಿದರೆ ಇದು ಸಪ್ಪೆ. ಪಕ್ಕದಲ್ಲಿ ಆರ್‌ಇಎಂ ಇತ್ತು, ಅದರ ಜೊತೆ ಹೋಲಿಸಿದರೆ ಇದರಲ್ಲಿ ನೆನಪಿನಲ್ಲಿ ಉಳಿಯುವ ಪಲ್ಲವಿಗಳು ಕಡಿಮೆ. 1986ರಲ್ಲಿ ರೇಡಿಯೋ ತುಂಬ ಇದ್ದದ್ದು ಗುಡುಗಿನಂಥ ಡ್ರಮ್ಸ್, ಹೊಳೆಯುವ ಸಿಂಥಸೈಜರ್. ಅಕೂಸ್ಟಿಕ್ ಗಿಟಾರ್ ಬಾರಿಸುವ ಸದ್ದನ್ನು ಮುಂದಿಟ್ಟು ಹಾಡುವವನನ್ನು ಹಿಂದಕ್ಕೆ ತಳ್ಳಿದ ಆಲ್ಬಮ್‌ಗೆ ಕಾಲೇಜು ರೇಡಿಯೋ ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಅದೇ ವರ್ಷ ಜೊನಾಥನ್ ಡೆಮ್ಮಿ ತಮ್ಮ 'ಸಮ್‌ಥಿಂಗ್ ವೈಲ್ಡ್' ಸಿನಿಮಾದಲ್ಲಿ ಹಳೆ ವಿದ್ಯಾರ್ಥಿಗಳ ಕೂಟಕ್ಕೆ ನುಡಿಸುವ ತಂಡವಾಗಿ ಇವರನ್ನು ತೋರಿಸಿದರು. ಅಲ್ಲೂ ತಂಡದ ಹೆಸರು ಫೀಲೀಸ್ ಅಲ್ಲ, ದ ವಿಲ್ಲೀಸ್! ಇವರ ಅದೃಷ್ಟ ಅಂದರೆ ಇದು.

ಈಗ ನಿಮ್ಮ ದೂರಿಗೆ ಬರೋಣ. 'ಎಲ್ಲ ಹಾಡೂ ಒಂದೇ ತರಹ.' ನೀವು ಹೇಳಿದ್ದು ಅರ್ಧ ನಿಜ. ಹಾಡಿನ ದನಿ, ವೇಗದ ಅಂದಾಜು, ಸ್ವರಗಳ ಆಯ್ಕೆ ಇವೆಲ್ಲ ಒಂದು ಸಣ್ಣ ಆವರಣದೊಳಗೇ ಓಡಾಡುತ್ತವೆ. ಮರ್ಸರ್ ದನಿಯಲ್ಲಿ ಏರಿಳಿತ ಕಡಿಮೆ, ಮಾತನಾಡಿದ ಹಾಗೇ ಹಾಡುತ್ತಾನೆ. ಆ ದನಿಯನ್ನು ಹಿಡಿದು ಹೋದರೆ ಮೂರನೇ ಹಾಡಿನ ಹೊತ್ತಿಗೆ ಯಾರಿಗಾದರೂ ಬೇಸರ ಬರುತ್ತದೆ. ಆದರೆ ಇಲ್ಲಿ ಬದಲಾವಣೆ ಆಗುವ ಜಾಗವೇ ಬೇರೆ. ಒಂದು ಕೈ ಅಕೂಸ್ಟಿಕ್ ಗಿಟಾರನ್ನು ಬಿಡುವಿಲ್ಲದೆ ಬಾರಿಸುತ್ತಿರುತ್ತದೆ. ಕೆಳಗೆ ಡೆಮೆಸ್ಕಿ ಒಂದು ಹೆಜ್ಜೆಯನ್ನು ಬಿಡದೆ ಹಿಡಿದಿರುತ್ತಾನೆ. ಅದರ ಮೇಲೆ ವೆಕರ್‌ಮನ್ ಗಿಲಕಿ, ಕಂಜೀರದಂಥ ಸಣ್ಣ ಸಣ್ಣ ಸದ್ದುಗಳನ್ನು ಸೇರಿಸುತ್ತಾನೆ, ಒಮ್ಮೆ ತೆಗೆಯುತ್ತಾನೆ. ಹಾಡಿನ ಕಥೆ ನಡೆಯೋದು ಈ ಸೇರಿಸುವ, ತೆಗೆಯುವ ಆಟದಲ್ಲಿ. ಎಲೆಕ್ಟ್ರಿಕ್ ಗಿಟಾರ್ ಬಾಯಿ ಬಿಡುವ ಹೊತ್ತಿಗೆ ಕೆಳಗಿನ ಹಾಸು ಎಷ್ಟು ದಪ್ಪವಾಗಿರುತ್ತದೆ ಅಂದರೆ, ಎರಡು ಸ್ವರ ನುಡಿಸಿದರೂ ಸಾಕು, ಮೈ ಜುಂ ಅನ್ನುತ್ತದೆ.

ಇದನ್ನು ಕೇಳಿಸಿಕೊಳ್ಳಲು ಸುಲಭದ ದಾರಿ ಅಂದರೆ ಎರಡನೇ ಬದಿಯಿಂದ ಶುರು ಮಾಡೋದು. ಆಲ್ಬಮ್ಮನ್ನು ಕಲಾವಿದರು ಜೋಡಿಸಿದ ಕ್ರಮದಲ್ಲೇ ಕೇಳಬೇಕು ಅಂತ ಹಟ ಹಿಡಿಯುವವರು ಇದ್ದಾರೆ. ಮೊದಲ ಸಲಕ್ಕೆ ಅದು ಸರಿ. ಮರಳಿ ಕೇಳುವವರಿಗೆ ಆ ಕಟ್ಟುಪಾಡು ಬೇಡ. ಎರಡನೇ ಬದಿಯ ಮೊದಲ ಹಾಡು 'ಲೆಟ್ಸ್ ಗೋ'. ಅದರಲ್ಲಿ ಹಿಡಿಯಬೇಕಾದ ಮಾತೇ ಹೆಚ್ಚಿಲ್ಲ. ಹೆಸರಿನಲ್ಲಿರೋದನ್ನೇ ಹೇಳುತ್ತಾ ಹೋಗುತ್ತಾರೆ. ಹಾಗಾಗಿ ಕಿವಿಗೆ ಮಾತನ್ನು ಹುಡುಕುವ ಕೆಲಸ ತಪ್ಪುತ್ತದೆ, ತಾನಾಗಿ ಕೈಗಳ ಕಡೆ ತಿರುಗುತ್ತದೆ. 2005ರ 'ದ ಸ್ಕ್ವಿಡ್ ಅಂಡ್ ದ ವೇಲ್' ಸಿನಿಮಾದಲ್ಲಿ ಈ ಹಾಡನ್ನು ಬಳಸಿದ್ದಾರೆ. ಬಹಳ ಜನ ಇವರ ಹೆಸರನ್ನು ಮೊದಲು ಹುಡುಕಿದ್ದು ಅದಾದ ಮೇಲೆಯೇ ಅಂತ ಕಾಣುತ್ತೆ.

ಅಲ್ಲಿಂದ ಮೊದಲ ಬದಿಗೆ ಬನ್ನಿ. ಆದರೆ ನೇರವಾಗಿ ನಾಲ್ಕನೇ ಹಾಡು 'ಸ್ಲಿಪಿಂಗ್ (ಇನ್‌ಟು ಸಮ್‌ಥಿಂಗ್)' ಹಾಕಿ. ಆಲ್ಬಮ್ಮಿನ ನಿಜವಾದ ಎದೆ ಇದು. ತೀರಾ ನಿಧಾನವಾಗಿ, ಎಲ್ಲಿಗೂ ಹೋಗುವ ಅವಸರ ಇಲ್ಲದ ಹಾಗೆ ಶುರುವಾಗುತ್ತದೆ. ದನಿ ಬರುವ ಮುಂಚೆ ಗಿಟಾರ್‌ಗಳೇ ಸಾಕಷ್ಟು ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಹಾಡು ಮುಗಿಯಿತೇನೋ ಅನ್ನುವ ಹೊತ್ತಿಗೆ ಅದು ವೇಗ ಹಿಡಿಯುತ್ತದೆ. ಕೊನೆಗೆ ಬರುವ ಎಲೆಕ್ಟ್ರಿಕ್ ಗಿಟಾರ್ ಎಷ್ಟು ಒರಟು ಅಂದರೆ, ಇದೇನಾ ಆ ಮೆತ್ತಗಿನ ತಂಡ ಅಂತ ಕೇಳಬೇಕು. 'ಕ್ರೇಜಿ ರಿದಮ್ಸ್'ನ ಆ ನರಗಳ ಸೆಳೆತ ಎಲ್ಲೂ ಹೋಗಿಲ್ಲ. ಅದನ್ನು ಇಲ್ಲಿ ಕೆಳಗೆ ಹೂತಿಟ್ಟು ಕಾಯಿಸಿದ್ದಾರೆ. 1980ರಲ್ಲಿ ಮೊದಲ ನಿಮಿಷಕ್ಕೇ ಸಿಗುತ್ತಿದ್ದುದು 1986ರಲ್ಲಿ ಐದನೇ ನಿಮಿಷಕ್ಕೆ ಸಿಗುತ್ತದೆ. ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಈ ಒಂದು ಹಾಡಿನಲ್ಲಿದೆ ಅಂದರೂ ತಪ್ಪಿಲ್ಲ.

ಅದರ ಹಿಂದಿನ 'ದ ಲಾಸ್ಟ್ ರೌಂಡಪ್' ಕುದುರೆ ಓಟದ ಹಾಡು, ವೇಗ ಬೇಕಾದವರಿಗೆ. 'ಆನ್ ದ ರೂಫ್' ಮತ್ತು 'ದ ಹೈ ರೋಡ್' ಎರಡೂ ಬಾಗಿಲಿನ ಹಾಡುಗಳು, ಬೇಗ ಒಗ್ಗುತ್ತವೆ. 'ವೆನ್ ಕಂಪನಿ ಕಮ್ಸ್' ಚಿಕ್ಕದು. ಅದರಲ್ಲಿ ಹಾಡಿಗಿಂತ ಹಾಡಿನ ಗಾಳಿ ಜಾಸ್ತಿ. ನನಗೆ ಅದು ಇಷ್ಟ, ನಿಮಗೆ ಆಗದೆ ಇರಬಹುದು. 'ಟೂ ರೂಮ್ಸ್' ಮತ್ತು ಶೀರ್ಷಿಕೆಯ ಹಾಡು ನಡುವಿನವು. ನೀವು ದೂರಿದ 'ಒಂದೇ ತರಹ' ಅನ್ನೋ ಮಾತು ಇಲ್ಲಿ ಪೂರ್ತಿ ಸಲ್ಲುತ್ತದೆ. ಎರಡರಲ್ಲಿ ಒಂದನ್ನು ಬಿಟ್ಟಿದ್ದರೆ ಆಲ್ಬಮ್‌ಗೆ ಏನೂ ನಷ್ಟ ಆಗುತ್ತಿರಲಿಲ್ಲ. ಇದನ್ನು ಅಭಿಮಾನಿಗಳು ಒಪ್ಪುವುದಿಲ್ಲ, ಇರಲಿ. ಕೊನೆಯ 'ಸ್ಲೋ ಡೌನ್' ಬಗ್ಗೆ ಮುಂದೆ ಇನ್ನೊಂದು ಕಾರಣಕ್ಕೆ ಹೇಳುತ್ತೇನೆ.

ಕೇಳುವ ಹೊತ್ತಿಗೆ ಸದ್ದಿನ ಮಟ್ಟ ಸ್ವಲ್ಪ ಏರಿಸಿ. ಇದು ರುಚಿಯ ಮಾತಲ್ಲ, ಕಿವಿಯ ಲೆಕ್ಕ. ಸದ್ದು ಚಿಕ್ಕದಾದಂತೆ ನಮ್ಮ ಕಿವಿ ಮಂದ್ರದ ಸ್ವರಗಳನ್ನು ಉಳಿದವುಗಳಿಗಿಂತ ಜಾಸ್ತಿ ಕಳೆದುಕೊಳ್ಳುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಬೇರೆ ಕೆಲಸ ಮಾಡುತ್ತಾ ಸಣ್ಣ ಸದ್ದಿನಲ್ಲಿ 'ದ ಗುಡ್ ಅರ್ತ್' ಹಾಕಿಕೊಂಡರೆ ಸಾಟರ್ ಅವರ ಬೇಸ್ ಕರಗಿಹೋಗುತ್ತದೆ. ಉಳಿಯೋದು ಬರೀ ಗಿಟಾರಿನ ಚರಚರ. ಹಾಡುವವನು ರಾಗವನ್ನು ಬಿಟ್ಟುಕೊಟ್ಟಿರುವ ಎಷ್ಟೋ ಕಡೆ ಅದನ್ನು ಹೊತ್ತು ನಡೆಯೋದು ಆ ಬೇಸ್. ಅದೇ ಹೋದರೆ ಹಾಡುಗಳು ಒಂದೇ ತರಹ ಕೇಳಿಸದೆ ಇನ್ನೇನು? ಸಣ್ಣ ಸದ್ದಿಗೆ ಹೊಂದುವ ಆಲ್ಬಮ್‌ಗಳಿವೆ. ಮೇಲ್ನೋಟಕ್ಕೆ ಇದು ಅಂಥದ್ದು ಅನ್ನಿಸುತ್ತದೆ, ಆದರೆ ಅಲ್ಲ.

ಇನ್ನು ಮಾತು ಮಸುಕಾಗಿ ಕೇಳಿಸುವ ವಿಷಯ. ಮೊದಲು ಹೇಳಿಬಿಡುತ್ತೇನೆ, ಇದರಲ್ಲಿ ದೊಡ್ಡ ಪಾಲು ಬೇಕೆಂದೇ ಮಾಡಿದ್ದು. ದನಿಯನ್ನು ಗಿಟಾರ್‌ಗಳ ಮಟ್ಟಕ್ಕೇ ಇಳಿಸಿ ಮಿಕ್ಸ್ ಮಾಡಿದ್ದಾರೆ. ಯಾವ ಪ್ಲೇಯರಿನಲ್ಲಿ ಹಾಕಿದರೂ ಅದು ಪೂರ್ತಿ ಬಿಡಿಸಿಕೊಂಡು ಬರುವುದಿಲ್ಲ. ಆದರೂ ನಿಮ್ಮ ಅನುಮಾನವನ್ನು ಸುಮ್ಮನೆ ತಳ್ಳಿಹಾಕಬಾರದು. ದನಿ ಸ್ಪಷ್ಟವಾಗಿರುವ ಬೇರೆ ಯಾವುದಾದರೂ ಎಲ್‌ಪಿ ಹಾಕಿ ನೋಡಿ. ಅಲ್ಲೂ ಹಾಡುವವನು ನಡುವೆ ನಿಲ್ಲದೆ ಎಲ್ಲೋ ಅಕ್ಕಪಕ್ಕ ತೇಲುತ್ತಿದ್ದರೆ, ಬೇಸ್ ತೆಳುವಾಗಿದ್ದರೆ, ತಂತಿ ತಿರುಗುಮುರುಗಾಗಿದೆ ಅಂತ ಅರ್ಥ. ಮುಳ್ಳನ್ನು ಹಿಡಿದಿರುವ ಸಣ್ಣ ಭಾಗಕ್ಕೆ ಕಾರ್ಟ್ರಿಜ್ ಅನ್ನುತ್ತಾರೆ. ಅದರ ಹಿಂದೆ ನಾಲ್ಕು ಸಣ್ಣ ತಂತಿಗಳಿರುತ್ತವೆ. ಸಾಮಾನ್ಯವಾಗಿ ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಬಿಳಿ, ಕೆಂಪು ಎರಡೂ ಪ್ಲಸ್. ಒಂದು ಬದಿಯ ಜೋಡಿ ಅದಲುಬದಲಾದರೆ ಎರಡೂ ಕಡೆ ಸಮನಾಗಿ ಇರಬೇಕಾದ ಸದ್ದು ಒಂದನ್ನೊಂದು ಕಡಿದು ಹಾಕುತ್ತದೆ. ನಡುವೆ ಇರುವ ದನಿ, ಬೇಸ್ ಎರಡಕ್ಕೂ ಮೊದಲ ಏಟು.

ಪರೀಕ್ಷೆ ಸುಲಭ. ಆಂಪ್ಲಿಫೈಯರ್‌ನಲ್ಲಿ ಮೋನೋ ಗುಂಡಿ (ಎಡ, ಬಲದ ಸದ್ದನ್ನು ಒಂದಾಗಿಸುವುದು) ಇದ್ದರೆ ಒತ್ತಿ. ದನಿ ಗಟ್ಟಿಯಾಗದೆ ಬಹುಪಾಲು ಮಾಯವಾದರೆ ತಪ್ಪು ಕಾರ್ಟ್ರಿಜ್ ತಂತಿಯಲ್ಲಿದೆ. ಮೋನೋ ಒತ್ತಿದರೂ ದನಿ ನಡುವೆ ಬಂದು ನಿಲ್ಲದೆ ಹರಡಿಕೊಂಡೇ ಇದ್ದರೆ ಸ್ಪೀಕರ್ ತಂತಿಯ ಪ್ಲಸ್, ಮೈನಸ್ ನೋಡಿ. ಹಳೇ ಸೆಟ್ಟುಗಳಲ್ಲಿ ಇದು ವರ್ಷಗಟ್ಟಲೆ ಯಾರ ಗಮನಕ್ಕೂ ಬರದೆ ಇರುವುದುಂಟು. ಯಾಕೆಂದರೆ ಸದ್ದು ಬರುತ್ತಲೇ ಇರುತ್ತದಲ್ಲ!

ಮುಳ್ಳಿನ ವಯಸ್ಸನ್ನೂ ಲೆಕ್ಕ ಹಾಕಿ. ಹೆಚ್ಚಿನ ತಯಾರಕರು 500ರಿಂದ 1000 ಗಂಟೆಯೊಳಗೆ ಬದಲಿಸಿ ಅನ್ನುತ್ತಾರೆ. ಸವೆದ ಮುಳ್ಳಿನಲ್ಲಿ 'ಸ', 'ಶ' ಸದ್ದುಗಳು ಚೂರುಚೂರಾಗಿ ಉಗುಳುತ್ತವೆ. ಅಕೂಸ್ಟಿಕ್ ಗಿಟಾರಿನ ಬಾರಿಸುವಿಕೆಯೂ ಅದೇ ಎತ್ತರದ ಸದ್ದಿನಿಂದ ತುಂಬಿರುತ್ತದೆ. ಹಾಗಾಗಿ ಈ ಆಲ್ಬಮ್‌ನಲ್ಲಿ ಸವೆತ ಬೇರೆಲ್ಲಕ್ಕಿಂತ ಬೇಗ ಗೊತ್ತಾಗುತ್ತದೆ.

ಎಲ್‌ಪಿಯ ಇನ್ನೊಂದು ಗುಣ ಇಲ್ಲಿ ಆಸಕ್ತಿ ಹುಟ್ಟಿಸುತ್ತದೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಎಲ್ಲಿ ಮುಳ್ಳಿಟ್ಟರೂ ಅಷ್ಟೇ. ಆದರೆ ಹೊರಗಿನ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಒಳಗೆ ಲೇಬಲ್ ಹತ್ತಿರ ಬಂದಾಗ ಸುಮಾರು 21 ಸೆಂಟಿಮೀಟರ್ ಅಷ್ಟೇ. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆಯಬೇಕು. ಜೋರಾದ, ಚೂಪಾದ ಹಾಡುಗಳು ಅಲ್ಲಿ ಹರಿದುಹೋಗುತ್ತವೆ. ಈಗ 'ದ ಗುಡ್ ಅರ್ತ್' ಹಾಡುಗಳ ಜೋಡಣೆ ನೋಡಿ. ಮೊದಲ ಬದಿಯ ಒಳ ಅಂಚಿನಲ್ಲಿ 'ವೆನ್ ಕಂಪನಿ ಕಮ್ಸ್', ಎರಡನೇ ಬದಿಯ ಒಳ ಅಂಚಿನಲ್ಲಿ 'ಸ್ಲೋ ಡೌನ್'. ಎರಡೂ ಮೆತ್ತಗಿನವು. ಒಂದೊಂದು ಬದಿಯೂ ಇಪ್ಪತ್ತು ನಿಮಿಷದೊಳಗೇ ಇದೆ, ಗೆರೆಗಳಿಗೆ ಉಸಿರಾಡಲು ಜಾಗ ಇದೆ. ಬೇಕೆಂದೇ ಮಾಡಿದರೋ ಹಾಗೇ ಒದಗಿಬಂತೋ, ಈ ಜೋಡಣೆ ಎಲ್‌ಪಿಗೆ ಹೇಳಿಮಾಡಿಸಿದ್ದು. ತೊಂದರೆ ಒಂದೇ. ಮೆತ್ತಗಿನ ಹಾಡಿನಲ್ಲಿ ಧೂಳಿನ ಚಟಪಟ ಜಾಸ್ತಿ ಕೇಳಿಸುತ್ತದೆ. ವರ್ಷಗಟ್ಟಲೆ ಮುಟ್ಟದ ತಟ್ಟೆಯನ್ನು ಕಾರ್ಬನ್ ಬ್ರಷ್ಷಿನಿಂದ ಒಮ್ಮೆ ಸವರಿ ಹಾಕಿದರೆ ಸಾಲದು. ರೆಕಾರ್ಡ್ ತೊಳೆಯುವ ದ್ರವದಲ್ಲಿ, ಲೇಬಲ್ ನೆನೆಯದ ಹಾಗೆ ತೊಳೆದು ಒಣಗಿಸಿ. ಒಳಗಿನ ಕಾಗದದ ಚೀಲ ಹಳೆಯದಾಗಿ ಪುಡಿ ಬಿಡುತ್ತಿದ್ದರೆ ಹೊಸ ಚೀಲಕ್ಕೆ ಹಾಕಿ. ಹಳೆಯದನ್ನು ಎಸೆಯಬೇಡಿ, ಹೊದಿಕೆಯೊಳಗೇ ಇಟ್ಟಿರಿ.

ಇದೆಲ್ಲ ಮಾಡಿದ ಮೇಲೆ ಆಲ್ಬಮ್ ಇಷ್ಟವಾಗತೊಡಗಿತು ಅಂದುಕೊಳ್ಳಿ. ಆಗ ಒಂದು ಅನುಮಾನ ಬರುತ್ತದೆ, ಬರಲೂ ಬೇಕು. ಮತ್ತೆ ಮತ್ತೆ ಕೇಳಿದ್ದಕ್ಕೇ ಇಷ್ಟವಾಯಿತಾ? 1968ರಲ್ಲಿ ರಾಬರ್ಟ್ ಜಯಾಂಕ್ ಅನ್ನೋ ಮನಶ್ಶಾಸ್ತ್ರಜ್ಞ ತೋರಿಸಿದ ವಿಷಯ ಇದು. ಅರ್ಥವೇ ಇಲ್ಲದ ಪದ, ಗುರುತುಗಳನ್ನು ಕೂಡ ಹೆಚ್ಚು ಸಲ ಕಂಡವರು ಅವುಗಳನ್ನೇ ಹೆಚ್ಚು ಮೆಚ್ಚುತ್ತಾರೆ. ಬರೀ ಪರಿಚಯವೇ ಮೆಚ್ಚಿಗೆಯಾಗಿ ಮಾರ್ಪಡುತ್ತದೆ. ಸಂಗೀತಕ್ಕೂ ಇದು ಸಲ್ಲುತ್ತದೆ. ರೆಕಾರ್ಡ್ ಕೊಂಡವರು ಕೊಟ್ಟ ದುಡ್ಡಿನ ಮುಲಾಜಿಗೆ ಬಿದ್ದು ಕೇಳಿ ಕೇಳಿ ಒಗ್ಗಿಸಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 1970ರ ದಶಕದ ಶುರುವಿನಲ್ಲಿ ಡೇನಿಯಲ್ ಬರ್ಲೈನ್ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಮೆಚ್ಚಿಗೆ ಏರುತ್ತಲೇ ಹೋಗುವುದಿಲ್ಲ, ಒಂದು ಎತ್ತರಕ್ಕೆ ಹೋಗಿ ಇಳಿಯುತ್ತದೆ. ಸರಳವಾದದ್ದು ಬೇಗ ಏರಿ ಬೇಗ ಇಳಿಯುತ್ತದೆ. ಒಳಗೆ ಹೆಚ್ಚು ತುಂಬಿಕೊಂಡಿರೋದು ನಿಧಾನವಾಗಿ ಏರುತ್ತದೆ. 'ದ ಗುಡ್ ಅರ್ತ್' ಮೇಲಿನಿಂದ ಸರಳ, ಒಳಗೆ ದಟ್ಟ. ಒಂದೆರಡು ಸಲ ಕೇಳಿ ಬಿಟ್ಟವರಿಗೆ ಮೇಲಿನದ್ದಷ್ಟೇ ಸಿಗುತ್ತದೆ. ನಿಮ್ಮ ಮೆಚ್ಚಿಗೆ ಬರೀ ಪರಿಚಯದ್ದೋ ಅಲ್ಲವೋ ಅಂತ ನೋಡಲು ಒಂದು ದಾರಿ ಇದೆ. ಇಷ್ಟವಾದದ್ದನ್ನು ಬೆರಳಿಟ್ಟು ತೋರಿಸೋಕೆ ಆಗುತ್ತಾ? 'ಇಲ್ಲಿ ಈ ಗಿಲಕಿ ಸೇರಿಕೊಂಡಾಗ', 'ಇಲ್ಲಿ ಬೇಸ್ ಮೇಲಕ್ಕೆ ಹತ್ತಿದಾಗ' ಅಂತ ಹೇಳಲು ಬಂದರೆ ನೀವು ಏನನ್ನೋ ಕೇಳಿಸಿಕೊಂಡಿದ್ದೀರಿ. 'ಯಾಕೋ ಹಿತವಾಗಿದೆ' ಅಂತಷ್ಟೇ ಆದರೆ ಕೆಲವು ದಿನ ಬಿಟ್ಟು ಮತ್ತೆ ಹಾಕಿ ನೋಡಿ.

ಒಂದು ಎಚ್ಚರಿಕೆ. ಅದೇ ಸಂಜೆ 'ಕ್ರೇಜಿ ರಿದಮ್ಸ್' ಹಾಕಬೇಡಿ. ಅದರ ವೇಗ ಕಿವಿಯಲ್ಲಿ ಕೂತುಬಿಟ್ಟರೆ ಇದು ಮತ್ತೆ ಮಂದ ಅನ್ನಿಸುತ್ತದೆ. ಜೊತೆಗೆ ಕೇಳಲು ಏನಾದರೂ ಬೇಕಿದ್ದರೆ 1987ರ 'ಶೋರ್ ಲೀವ್' ಹುಡುಕಿ. ಯಂಗ್ ವೂ ಅನ್ನೋ ಹೆಸರಿನಲ್ಲಿ ಹೆಚ್ಚುಕಮ್ಮಿ ಇದೇ ಜನ ಮಾಡಿದ್ದು, ಹಾಡಿರೋದು ಮಾತ್ರ ವೆಕರ್‌ಮನ್. ಗಿಲಕಿ ಹಿಡಿದು ಹಿಂದೆ ನಿಲ್ಲುವವನು ಮುಂದೆ ಬಂದರೆ ಈ ತಂಡ ಹೇಗೆ ಕೇಳಿಸುತ್ತದೆ ಅಂತ ಗೊತ್ತಾಗುತ್ತದೆ. 1988ರ 'ಓನ್ಲಿ ಲೈಫ್' ಕೂಡ ಒಳ್ಳೆಯ ಜೊತೆ. ಅಷ್ಟರಲ್ಲಿ ಇವರು ಎ ಅಂಡ್ ಎಂ ಅನ್ನೋ ದೊಡ್ಡ ಕಂಪನಿಗೆ ಹೋಗಿದ್ದರು. ದನಿ ಸ್ವಲ್ಪ ಮುಂದೆ ಬಂದಿದೆ, ಡ್ರಮ್ಸ್ ಗಟ್ಟಿಯಾಗಿದೆ. ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ 'ವಾಟ್ ಗೋಸ್ ಆನ್' ಹಾಡನ್ನೂ ನುಡಿಸಿದ್ದಾರೆ. ಬಿಡುವಿಲ್ಲದೆ ಗಿಟಾರ್ ಬಾರಿಸುವ ಈ ಚಾಳಿ ಯಾರಿಂದ ಬಂತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಅಲ್ಲಿಂದ ಹಿಂದಕ್ಕೆ 'ದ ಗುಡ್ ಅರ್ತ್'ಗೆ ಬಂದರೆ ಅದು ಆ ಆಲ್ಬಮ್ಮಿನ ಬೇರಿನ ಹಾಗೆ ಕೇಳಿಸುತ್ತದೆ.

2009ರ ಮರುಬಿಡುಗಡೆ ಕೊಳ್ಳಬೇಕಾ? ಮಾತು ಸ್ಪಷ್ಟವಾಗಲಿ ಅನ್ನೋ ಕಾರಣಕ್ಕೆ ಖಂಡಿತ ಬೇಡ. ಮರುಬಿಡುಗಡೆ ಅಂದರೆ ಮತ್ತೆ ಮಿಕ್ಸ್ ಮಾಡಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಮಾಸ್ಟರಿಂಗ್ ಬೇರೆ, ಮಿಕ್ಸಿಂಗ್ ಬೇರೆ. ಮಿಕ್ಸಿಂಗ್ ಅಂದರೆ ದನಿ, ಒಂದೊಂದು ವಾದ್ಯ ಎಷ್ಟೆಷ್ಟು ಕೇಳಿಸಬೇಕು ಅಂತ ಹೊಂದಿಸೋದು. ಮಾಸ್ಟರಿಂಗ್‌ನಲ್ಲಿ ಇಡೀ ಹಾಡಿನ ಬಣ್ಣ, ಮಟ್ಟ ಬದಲಿಸಬಹುದು. ಗಿಟಾರ್ ಹಿಂದೆ ನಿಂತ ದನಿಯನ್ನು ಮುಂದಕ್ಕೆ ಕರೆತರಲು ಆಗುವುದಿಲ್ಲ. ಆ ಮರುಬಿಡುಗಡೆ ಬಂದದ್ದು ಹೊಬೋಕನ್‌ನ ಬಾರ್/ನನ್ ರೆಕಾರ್ಡ್ಸ್‌ನಿಂದ. ತಂಡ 1990ರ ದಶಕದ ಮೊದಲಲ್ಲಿ ಚದುರಿ, 2008ರಲ್ಲಿ ಮತ್ತೆ ಒಂದಾದ ಮೇಲಿನ ಕೆಲಸ ಅದು. ಅದರ ಬಗ್ಗೆ ನನಗೆ ಹಿಡಿಸಿದ ವಿಷಯ ಒಂದಿದೆ. ಹೆಚ್ಚುವರಿ ಹಾಡುಗಳನ್ನು ತಟ್ಟೆಯ ಕೊನೆಗೆ ಅಂಟಿಸಲಿಲ್ಲ. ಬೇರೆಯಾಗಿ ಡೌನ್‌ಲೋಡ್ ಮಾಡಿಕೊಳ್ಳಲು ಕೊಟ್ಟರು. ಆಲ್ಬಮ್ 'ಸ್ಲೋ ಡೌನ್'ಗೆ ಮುಗಿಯಬೇಕು ಅಂದರೆ ಅಲ್ಲಿಗೇ ಮುಗಿಯಬೇಕು. ಹಳೆಯ ಆಲ್ಬಮ್‌ಗಳ ಬಾಲಕ್ಕೆ ಸಿಕ್ಕಸಿಕ್ಕದ್ದನ್ನೆಲ್ಲ ಕಟ್ಟುವವರು ಇದನ್ನು ನೋಡಿ ಕಲಿಯಬಹುದು. ನಿಮ್ಮ ಕೈಯಲ್ಲಿರೋದು 1986ರ ಕೊಯೋಟಿ ಒತ್ತು, ಅಂದರೆ ಆಗ ಅಚ್ಚಾದ ತಟ್ಟೆಯೇ ಆಗಿದ್ದು, ಗೀರು ಕಡಿಮೆ ಇದ್ದರೆ ಇನ್ನೊಂದು ಪ್ರತಿ ನಿಮಗೆ ಬೇಡ. ಗೀರು ಜಾಸ್ತಿ ಇದ್ದರೆ ಮಾತ್ರ ಯೋಚಿಸಿ.

ಹೆಚ್ಚುವರಿ ಹಾಡು ಬೇಕು ಅನ್ನಿಸಿದರೆ 1986ರದೇ 'ನೋ ಒನ್ ನೋಸ್' ಅನ್ನೋ ಇಪಿ (ಕೆಲವೇ ಹಾಡಿನ ಸಣ್ಣ ರೆಕಾರ್ಡ್) ಇದೆ. ಈ ಆಲ್ಬಮ್ಮಿನ ಎರಡು ಹಾಡಿನ ಜೊತೆ ಬೀಟಲ್ಸ್‌ನ 'ಶಿ ಸೆಡ್ ಶಿ ಸೆಡ್', ನೀಲ್ ಯಂಗ್‌ನ 'ಸೆಡಾನ್ ಡೆಲಿವರಿ' ಅದರಲ್ಲಿವೆ. ಬೇರೆಯವರ ಹಾಡನ್ನು ಇವರು ಎತ್ತಿಕೊಂಡಾಗ ಏನನ್ನು ಬಿಡುತ್ತಾರೆ, ಏನನ್ನು ಇಟ್ಟುಕೊಳ್ಳುತ್ತಾರೆ ಅಂತ ನೋಡಿದರೆ ತಂಡದ ರೀತಿ ಬೇಗ ಅರ್ಥವಾಗುತ್ತದೆ.

ಇಷ್ಟಾದ ಮೇಲೂ 'ಸ್ಲಿಪಿಂಗ್' ನಿಮ್ಮನ್ನು ಹಿಡಿಯಲಿಲ್ಲ ಅಂದರೆ ಮಾರಿಬಿಡಿ, ನಾಚಿಕೆ ಬೇಡ. ಜನ ಹೊಗಳುತ್ತಾರೆ ಅಂತ ಕಪಾಟಿನಲ್ಲಿ ಜಾಗ ಕೊಡಬೇಕಿಲ್ಲ. ಮಾರುವ ಮುನ್ನ ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ಖಾಲಿ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಕೊರೆದ ಅಂಕಿ, ಅಕ್ಷರಗಳನ್ನು ಹಾಗೇ ಬರೆದುಕೊಳ್ಳಿ. ಯಾವ ಒತ್ತು ಅನ್ನೋದು ಹೊದಿಕೆಗಿಂತ ಅಲ್ಲೇ ಸರಿಯಾಗಿ ಗೊತ್ತಾಗುವುದು. ಬೆಲೆ ಕಟ್ಟಲು, ರೆಕಾರ್ಡ್ ಕೊಳ್ಳುವ ಮಾರುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ಮಾರುವವರು ಕೇಳುತ್ತಿರುವ ದರ ನೋಡಬೇಡಿ, ಹಿಂದೆ ನಿಜವಾಗಿ ಮಾರಾಟವಾದ ದರ ನೋಡಿ. ತಟ್ಟೆಯ ಸ್ಥಿತಿ ಹೇಗಿದೆ ಅಂತ ದರ್ಜೆ ಬರೆಯುವಾಗ ಕಣ್ಣಿಗೆ ಕಂಡದ್ದರ ಮೇಲೆ ಬರೆಯದೆ, ಮೊದಲ ಬದಿಯ ಕೊನೆಯ ಹಾಡನ್ನು ಒಮ್ಮೆ ಪೂರ್ತಿ ಕೇಳಿ ಬರೆಯಿರಿ. ಕೊಳ್ಳುವವರು ಮೊದಲು ದೂರು ಹೇಳೋದು ಅಲ್ಲಿನ ಚಟಪಟದ ಬಗ್ಗೆಯೇ.